ಗಲ್ಲಾದ ಮೇಲಿನ ಲ್ಯಾಟಿನ್

ನಮ್ಮ ಹೋಟೆಲಿನಲ್ಲಿ ತಿಂಡಿ ತಿಂದು, ಬಿಲ್ಲು ಕೊಟ್ಟು ಹೊರಡುವವರು ಗಲ್ಲಾದ ಮೇಲಿರುವ ಒಂದು ಕಪ್‌ನಿಂದ ಚಿಟಿಕೆ ಸೋಂಪು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಾಫಿ ಕುಡಿಯುವ ಕಪ್ ಅಲ್ಲ. ಓಟದಲ್ಲಿ ಗೆದ್ದ ಮಕ್ಕಳಿಗೆ ಶಾಲೆಯಲ್ಲಿ ಕೊಡುತ್ತಾರಲ್ಲ, ಎರಡು ಕಿವಿಯ, ಬೆಳ್ಳಿಯಂತೆ ಹೊಳೆಯುವ, ಬೆಳ್ಳಿಯಲ್ಲದ ಕಪ್. ಈಗ ಆ ಹೊಳಪೂ ಹೋಗಿದೆ. ಎಡಗಡೆಯ ಕಿವಿ ಹಿಡಿದರೆ ಅಲ್ಲಾಡುತ್ತದೆ. ಮುಂಬಯಿಯ ಈ ಮಾಟುಂಗದಲ್ಲಿ ಇಷ್ಟೊಂದು ಉಡುಪಿ ಹೋಟೆಲುಗಳಿವೆ, ಎಲ್ಲ ಕಡೆ ಸೋಂಪು ಸ್ಟೀಲಿನ ಬಟ್ಟಲಲ್ಲಿರುತ್ತದೆ. ಬಹುಮಾನ ಬಂದ ಸೋಂಪು ಸಿಗುವುದು ನಮ್ಮಲ್ಲಿ ಮಾತ್ರ.

ಆ ಬಹುಮಾನ ಗೆದ್ದದ್ದು ನಾನಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಹೊಟ್ಟೆ ನೋಡಿದ ಯಾರೂ ಈವರೆಗೆ ಅಂಥ ಅನುಮಾನ ಪಟ್ಟಿಲ್ಲ. ಗೆದ್ದವಳು ನನ್ನ ತಂಗಿ ಜಲಜಳ ಮಗಳು ಅಕ್ಷತಾ. ಕಾನ್ವೆಂಟಿನಲ್ಲಿ ಓದುವಾಗ ರಿಲೇ ಓಟದಲ್ಲಿ ಗೆದ್ದು ತಂದಳು. ಕುರ್ಲಾದ ಚಾಳಿನ ಅವರ ಒಂದೇ ಕೋಣೆಯಲ್ಲಿ ಕಪ್ ಇಟ್ಟರೆ ಡಬ್ಬಿಗಳಿಗೆ ಜಾಗವಿಲ್ಲ, ಡಬ್ಬಿ ಇಟ್ಟರೆ ಕಪ್‌ಗೆ ಜಾಗವಿಲ್ಲ. "ಮಾಮಾ, ನಿಮ್ಮ ಹೋಟೆಲಲ್ಲಿ ಇಡಿ. ವಹಾಂ ಸಬ್ ಲೋಗ್ ನೋಡ್ತಾರೆ" ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿ ಗಲ್ಲಾದ ಮೇಲೆ ಕುಕ್ಕಿ ಹೋದಳು. ಖಾಲಿ ಕಪ್ ಕಂಡು ಗಿರಾಕಿಗಳು ಅದರೊಳಗೆ ಬಸ್ಸಿನ ಟಿಕೇಟು ಹಾಕಲು ಶುರು ಮಾಡಿದರು. ಜಲಜ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಸೋಂಪು ತುಂಬಿಸಿದಳು. ಅವತ್ತಿನಿಂದ ದಿನಾ ಬೆಳಿಗ್ಗೆ ತುಂಬಿಸುವುದು ಅವಳೇ.

ಜಲಜ ನಮ್ಮ ಹೋಟೆಲಿನ ಒಳಗೆ ಅಡುಗೆಮನೆಯಲ್ಲಿರುತ್ತಿದ್ದಳು. ನಾನು ಹೊರಗೆ ಗಲ್ಲಾದ ಕುರ್ಚಿಯಲ್ಲಿರುತ್ತಿದ್ದೆ. ಅವಳು ನಿಂತಿರುತ್ತಿದ್ದಳು, ನಾನು ಕೂತಿರುತ್ತಿದ್ದೆ. ಅವಳ ಮೊಣಕಾಲು ಸವೆದಿದೆ. ಬೆಳಗಿನ ಹೊತ್ತಾದರೂ ಗಲ್ಲಾದಲ್ಲಿ ತಾನು ಕೂರುತ್ತೇನೆ, ಒಳಗೆ ಬೇರೆ ಯಾರನ್ನಾದರೂ ಇಡು ಎಂದು ಅವಳು ಕೇಳಿ ವರ್ಷವೇ ದಾಟಿತ್ತು. ನಾನು ಕೊಟ್ಟ ಉತ್ತರ, "ನೋಡುವ." ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಲ್ಯಾಟಿನ್, ರಿಲೇ ಎಂದೆಲ್ಲ ಸುತ್ತಾಡಿದರೂ ನೀವು ಈ ಕುರ್ಚಿಯನ್ನು ಮರೆಯಬಾರದು. ನಾನು ಮರೆತದ್ದೇ ಸಾಕು.

ಕಪ್‌ನ ಹೊಟ್ಟೆಯ ಮೇಲೆ ಶಾಲೆಯ ಚಿಹ್ನೆ ಇದೆ, ಅದರ ಕೆಳಗೆ ಒಂದು ಪಟ್ಟಿ, ಪಟ್ಟಿಯಲ್ಲಿ ಅಕ್ಷರಗಳು. ನಾನು ಊರಲ್ಲಿ ಓದಿದ್ದು ಆರನೇ ಕ್ಲಾಸಿನವರೆಗೆ. ಮುಂಬಯಿಗೆ ಬಂದ ಮೇಲೆ ಹೋಟೆಲು ಕೆಲಸದವರಿಗಾಗಿ ಇದ್ದ ಕನ್ನಡ ರಾತ್ರಿಶಾಲೆಗೆ ಸೇರಿದೆ. ಅಲ್ಲಿ ಫ್ಯಾನ್ ಇತ್ತು. ಫ್ಯಾನಿನ ಕೆಳಗೆ ನಾನು ಓದಿದ್ದಕ್ಕಿಂತ ನಿದ್ದೆ ಮಾಡಿದ್ದೇ ಹೆಚ್ಚು. ಇಂಗ್ಲಿಷ್ ಅಕ್ಷರ ಕಲಿತದ್ದು ಲೋಕಲ್ ರೈಲಿನ ಕಿಟಕಿಯಿಂದ, ಸ್ಟೇಷನ್ನಿನ ಬೋರ್ಡು ನೋಡಿ. ಹಾಗಾಗಿ ಕಪ್‌ನ ಮೇಲಿನ ಅಕ್ಷರ ಒಂದೊಂದಾಗಿ ಓದಲು ಬರುತ್ತಿತ್ತು, ಅರ್ಥ ಮಾತ್ರ ಹತ್ತುತ್ತಿರಲಿಲ್ಲ. ಇಂಗ್ಲಿಷೇ ಇರಬೇಕು, ನನಗೆ ಬರುವುದಿಲ್ಲ ಅಷ್ಟೆ ಎಂದುಕೊಂಡೆ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಗಲ್ಲಾದಲ್ಲಿ ಕೂತ ಮನುಷ್ಯ ತನ್ನೆದುರಿಗೇ ಇರುವುದನ್ನು ಓದಲು ಬಾರದವನು ಎಂದು ಗಿರಾಕಿಗಳಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಕೇಳುವ, ಕೇಳುವ ಎಂದು ಮುಂದೂಡಿದೆ. ಅಕ್ಷತಾ ಶಾಲೆ ಮುಗಿಸಿ ಕಾಲೇಜಿಗೆ ಹೋದಳು.

ಕೊನೆಗೆ ಓದಿ ಹೇಳಿದವರು ಸೆಲಿನ್ ಟೀಚರ್. ಮಂಗಳೂರಿನವರು, ಬೇರೆ ಯಾವುದೋ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬರುವಾಗ ನಮ್ಮಲ್ಲಿ ಎರಡು ಇಡ್ಲಿ, ಒಂದು ಕಾಫಿ. ಇಡ್ಲಿ ತಣ್ಣಗಾಗಿದ್ದರೆ ವೇಟರಿಗೆ ಬೈಯುವುದಿಲ್ಲ, ಸೀದಾ ನನ್ನ ಹತ್ತಿರ ಬಂದು ಬೈಯುತ್ತಾರೆ. ಒಂದು ದಿನ ಸೋಂಪು ತೆಗೆಯುವಾಗ ಕನ್ನಡಕ ಏರಿಸಿಕೊಂಡು ಕಪ್ಪನ್ನು ಬೆಳಕಿಗೆ ತಿರುಗಿಸಿದರು. ಅರ್ಧ ಸೋಂಪು ನನ್ನ ಮಡಿಲಿಗೆ ಬಿತ್ತು.

"ಅರೆ! ಇದು ಲ್ಯಾಟಿನ್ ಅಲ್ವಾ ಮಾರಾಯ್ರೆ!"

"ಇಂಗ್ಲಿಷ್ ಅಲ್ವಾ ಟೀಚರ್?"

"ಅಲ್ಲ. ಮೊದಲೆಲ್ಲ ನಮ್ಮ ಇಗರ್ಜಿಯಲ್ಲಿ ಇದೇ ಭಾಷೆಯಲ್ಲಿ ಪೂಜೆ. ಈಗ ಯಾರಿಗೂ ಬರುದಿಲ್ಲ."

ನನಗೆ ಆದ ಸಂತೋಷ ಹೇಳಲಾರೆ. ಯಾರಿಗೂ ಬಾರದ ಭಾಷೆ! ಹಾಗಾದರೆ ನನಗೆ ಬಾರದಿದ್ದದ್ದರಲ್ಲಿ ಏನೂ ತಪ್ಪಿಲ್ಲ. ಇಷ್ಟು ವರ್ಷ ಸುಮ್ಮನೆ ನಾಚಿಕೊಂಡೆ. ಮಡಿಲಿನ ಸೋಂಪು ಕೊಡವಿಕೊಳ್ಳುತ್ತಾ ಅರ್ಥ ಕೇಳಿದೆ. ಹಳೆಯ ಗಾದೆಯಂತೆ, ಟೀಚರಿಗೆ ಗೊತ್ತಿತ್ತು. ಆ ಮಾತನ್ನು ಇದ್ದ ಹಾಗೆ ಇಲ್ಲಿ ಬರೆಯುವ ಧೈರ್ಯ ನನಗಿಲ್ಲ, ನನ್ನ ನಾಲಿಗೆಗೂ ಅದು ಒಗ್ಗಲಿಲ್ಲ. ಕೊಡುವುದರ ಬಗ್ಗೆ ಏನೋ ಹೇಳುತ್ತದಂತೆ. ಅದೂ ತಡ ಮಾಡದೆ ಕೊಡುವುದರ ಬಗ್ಗೆ. ಹಾಗೆ ಕೊಟ್ಟದ್ದು, ತೆಗೆದುಕೊಂಡವನ ಪಾಲಿಗೆ ಇದ್ದದ್ದಕ್ಕಿಂತ ಇಮ್ಮಡಿಯಾಗುತ್ತದಂತೆ.

ಕೇಳಿದ ಕೂಡಲೇ ನಾನು ತಿಳಿದುಕೊಂಡದ್ದು ಹೋಟೆಲಿನವನ ಅರ್ಥ. ಇಡ್ಲಿ ಬೇಗ ಹೋದರೆ ಟೇಬಲ್ ಬೇಗ ಖಾಲಿಯಾಗುತ್ತದೆ, ಇನ್ನೊಬ್ಬ ಗಿರಾಕಿ ಕೂರುತ್ತಾನೆ. ಎಷ್ಟು ಸರಿಯಾಗಿ ಹೇಳಿದ್ದಾರೆ ಆ ಕಾಲದವರು, ಅವರಲ್ಲೂ ನಮ್ಮವರು ಯಾರೋ ಹೋಟೆಲಿಟ್ಟಿರಬೇಕು ಅನ್ನಿಸಿತು. ವೇಟರುಗಳನ್ನು ಕರೆದು ಹೇಳಿದೆ. ರಾಘು ಎಂಬ ವೇಟರ್ ಗಂಭೀರವಾಗಿ ಕೇಳಿದ:

"ಧಣಿ, ಹಾಗಾದ್ರೆ ಬೇಗ ಕೊಟ್ಟ ದಿವಸ ಒಂದು ಪ್ಲೇಟಿಗೆ ಎರಡು ಪ್ಲೇಟಿನ ಬಿಲ್ ಹಾಕುದಾ?"

"ಹೋಗು, ಏಳನೇ ಟೇಬಲ್‌ಗೆ ನೀರು ಕೊಡು."

"ಎರಡು ಗ್ಲಾಸಾ?"

ಹೀಗೆ ಶುರುವಾಯಿತು. ಆಮೇಲೆ ಸೋಂಪು ತೆಗೆಯಲು ಕೈ ಚಾಚಿದ ಯಾರನ್ನೂ ನಾನು ಸುಮ್ಮನೆ ಬಿಡಲಿಲ್ಲ. ಗುಜರಾತಿ ವ್ಯಾಪಾರಿಗಳಿಗೆ ಹಿಂದಿಯಲ್ಲಿ, ಬ್ಯಾಂಕಿನ ಮರಾಠಿ ಸಾಹೇಬರಿಗೆ ನನಗೆ ಬರುವ ಮರಾಠಿಯಲ್ಲಿ, ವಿಜಯಪುರದಿಂದ ಬಂದು ಬಟ್ಟೆ ಅಂಗಡಿ ಇಟ್ಟವರಿಗೆ ಕನ್ನಡದಲ್ಲಿ ಲ್ಯಾಟಿನ್ ಬಿಡಿಸಿ ಹೇಳಿದೆ. "ಭಾಳ ಖರೇ ಮಾತ್ರೀ" ಎಂದು ಅವರು ಚಿಲ್ಲರೆ ಎಣಿಸಿಕೊಂಡು ಹೋದರು. ಆರನೇ ಕ್ಲಾಸಿನವನ ಕೈಗೆ ಲ್ಯಾಟಿನ್ ಸಿಕ್ಕರೆ ಹೀಗೆಯೇ.

ಸೆಲಿನ್ ಟೀಚರ್ ಮಾತ್ರ ನನ್ನ ಅರ್ಥ ಕೇಳಿ ಮೂಗು ಮುರಿದರು. "ಟೇಬಲ್ ಖಾಲಿ ಮಾಡುದು ಅಲ್ಲ ಮಾರಾಯ್ರೆ. ಕೇಳ್ಲಿಕ್ಕೆ ಬಂದವನಿಗೆ ಕೇಳುದೇ ಒಂದು ಕಷ್ಟ. ಆಮೇಲೆ ಕಾಯುದು ಇನ್ನೊಂದು. ನೀವು ತಡ ಮಾಡಿ ಕೊಟ್ರೆ, ಕೊಟ್ಟದ್ರಲ್ಲಿ ಅರ್ಧ ಅವನು ಕಾದದ್ದಕ್ಕೇ ಸರಿ ಹೋಗ್ತದೆ. ಮತ್ತೆ ಅವನಿಗೆ ಸಿಕ್ಕಿದ್ದೆಂತ?" ಎಂದರು. ನಾನು ತಲೆಯಾಡಿಸಿದೆ. ಒಳಗಿನಿಂದ ಜಲಜ ಚಟ್ನಿಗೆ ಒಗ್ಗರಣೆ ಹಾಕಿದ ಶಬ್ದ ಕೇಳಿತು. ಆದರೂ ನನ್ನ ಬುದ್ಧಿಗೆ ಏನೂ ತಟ್ಟಲಿಲ್ಲ. ಆ ಅರ್ಥವನ್ನೂ ಸೇರಿಸಿಕೊಂಡು ಮರುದಿನದ ಗಿರಾಕಿಗಳಿಗೆ ಇನ್ನೂ ಉದ್ದವಾಗಿ ಹೇಳಿದೆ.

"ನೋಡುವ" ಎಂಬ ಮಾತು ನನಗೆ ಅಪ್ಪನಿಂದ ಬಂದದ್ದು. ಆಸ್ತಿಯೆಂದು ಬೇರೇನೂ ಬರಲಿಲ್ಲ. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ಮದುವೆಗೆ ಬನ್ನಿ ಎಂದರೆ "ನೋಡುವ." ಮಾಡು ಸೋರುತ್ತದೆ ಎಂದು ಅಮ್ಮ ಹೇಳಿದರೆ, ಸೋರುವ ಜಾಗವನ್ನು ಕತ್ತೆತ್ತಿ ಚೆನ್ನಾಗಿ ನೋಡಿ, "ನೋಡುವ." ಮುಂಬಯಿಗೆ ಬಂದು ನೋಡಿದರೆ ಇಲ್ಲಿ ಎಲ್ಲರ ಹತ್ತಿರವೂ ಈ ಮಾತು ಉಂಟು. ಹಿಂದಿಯವರು "ದೇಖೇಂಗೆ" ಎನ್ನುತ್ತಾರೆ, ಮರಾಠಿಯವರು "ಬಘೂಯಾ", ನಮ್ಮ ತುಳುವಿನಲ್ಲಿ "ತೂಕ". ಎಲ್ಲ ಭಾಷೆಯಲ್ಲೂ ಇದನ್ನು ಹೇಳುವಾಗ ಮುಖ ಸ್ವಲ್ಪ ಆ ಕಡೆ ತಿರುಗುತ್ತದೆ. ನಮ್ಮ ಮಾಟುಂಗ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಬರೀ ಸ್ಲೋ. ನನಗೆ ತಕ್ಕ ಸ್ಟೇಷನ್.

ಜಲಜ ಫಾಸ್ಟ್. ಹುಟ್ಟುವಾಗಲೇ ಅವಸರ ಮಾಡಿ ಸೂಲಗಿತ್ತಿ ಬರುವ ಮೊದಲೇ ಹುಟ್ಟಿದವಳು ಎಂದು ಅಮ್ಮ ಹೇಳುತ್ತಿದ್ದಳು. ನಾವು ಚಿಕ್ಕವರಿದ್ದಾಗ ಒಮ್ಮೆ ಹೊಳೆ ದಾಟುವ ದೋಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ನನ್ನ ಹೊಸ ಚಪ್ಪಲಿಯೊಂದು ನೀರಿಗೆ ಬಿತ್ತು. ರಬ್ಬರಿನ ಚಪ್ಪಲಿ, ಮುಳುಗದೆ ತೇಲುತ್ತಾ ಹೊರಟಿತು. ಈಗ ಏನು ಮಾಡಬಹುದು, ದೋಣಿಯವನಿಗೆ ಹೇಳುವುದೋ, ಮನೆಯಲ್ಲಿ ಏನು ಹೇಳುವುದೋ ಎಂದು ನಾನು ಯೋಚಿಸುತ್ತಿರುವಾಗಲೇ ದಡದ ಹತ್ತಿರ ಜಲಜ ಲಂಗದ ಸಮೇತ ನೀರಿಗಿಳಿದು ಎದೆಮಟ್ಟ ಹೋಗಿ ಚಪ್ಪಲಿ ಹಿಡಿದಾಗಿತ್ತು. ಮನೆಗೆ ಬಂದಾಗ ಬೈಗುಳ ಅವಳಿಗೇ. ಹೆಣ್ಣುಹುಡುಗಿ ಒದ್ದೆಯಾಗಿ ರಸ್ತೆಯಲ್ಲಿ ಬಂದಳು ಎಂದು. ನಾನು ಎರಡೂ ಚಪ್ಪಲಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದೆ, ಪೂರ್ತಿ ಒಣಗಿ. ಬಾಯಿಬಿಟ್ಟು ಏನಾದರೂ ಹೇಳುವ ಎಂದುಕೊಳ್ಳುವಷ್ಟರಲ್ಲಿ ಬೈಗುಳ ಮುಗಿದುಹೋಗಿತ್ತು.

ಹೋಟೆಲಿಗೆ ಅವಳು ಬಂದದ್ದೂ ಹಾಗೆಯೇ. ಒಂದು ಚೌತಿಯ ಬೆಳಿಗ್ಗೆ ನಮ್ಮ ಅಡುಗೆ ಭಟ್ಟರು ಹೇಳದೆ ಕೇಳದೆ ಊರಿನ ಬಸ್ಸು ಹತ್ತಿಬಿಟ್ಟರು. ಹೊರಗೆ ಗಿರಾಕಿಗಳ ಸಾಲು, ಒಳಗೆ ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿಯುತ್ತಿತ್ತು. ನಾನು ಜಲಜಳಿಗೆ ಫೋನು ಮಾಡಿದ್ದು ಸಹಾಯ ಕೇಳಲಿಕ್ಕಲ್ಲ, ಗೋಳು ಹೇಳಿಕೊಳ್ಳಲಿಕ್ಕೆ. ಅವಳು ನನ್ನ ಗೋಳು ಪೂರ್ತಿ ಕೇಳಲೇ ಇಲ್ಲ. ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿನಲ್ಲಿ ಮನೆಯ ಗಣಪತಿಯ ಪೂಜೆಯನ್ನು ಗಂಡನಿಗೆ ಒಪ್ಪಿಸಿ, ಕುರ್ಲಾದಿಂದ ಲೋಕಲ್ ಹಿಡಿದು ಬಂದು, ಸೆರಗು ಸೊಂಟಕ್ಕೆ ಕಟ್ಟಿ ಕಾವಲಿಯ ಮುಂದೆ ನಿಂತಿದ್ದಳು. "ಅಣ್ಣ, ನೀನು ಹೊರಗೆ ಹೋಗು. ಇಲ್ಲಿ ಅಡ್ಡ ಆಗ್ತೀ" ಎಂದಳು. ನಾನು ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಹಾಗೆ ಕೂತವನು ಏಳಲಿಲ್ಲ. ಹಾಗೆ ನಿಂತವಳು ಕೂರಲಿಲ್ಲ. ನಮ್ಮ ಹೋಟೆಲು ಇವತ್ತು ಇರುವುದು ಅವಳ ಕಾಲ ಮೇಲೆ. ಊರಿನಿಂದ ಬಂದವರು ನಮ್ಮ ಚಟ್ನಿಯನ್ನು ಹೊಗಳಿದರೆ ನಾನು ಕುರ್ಚಿಯಿಂದಲೇ ಕೈ ಮುಗಿಯುತ್ತಿದ್ದೆ, ನಾನೇ ರುಬ್ಬಿದ ಹಾಗೆ.

ಕುರ್ಚಿಯ ಬಗ್ಗೆಯೂ ಹೇಳಬೇಕು. ಹಳೆಯ ಮರದ ಕುರ್ಚಿ. ಬೆನ್ನ ಹಿಂದೆ ದೇವರ ಪಟ, ಎಡಗಡೆ ಸಣ್ಣ ಫ್ಯಾನು, ಕೂರುವಲ್ಲಿ ನನ್ನ ಆಕಾರಕ್ಕೆ ಇಳಿದುಹೋದ ದಿಂಬು. ಅವಳು ಕೇಳಿದಾಗ ನನಗೆ ನಾನು ಕೊಟ್ಟುಕೊಂಡ ಕಾರಣಗಳು ಬಹಳ ಇದ್ದವು. ಹೆಂಗಸು ಗಲ್ಲಾದಲ್ಲಿ ಕೂತರೆ ನಮ್ಮವರು ಏನೆನ್ನುತ್ತಾರೋ, ಅವಳ ಕೈಯ ಚಟ್ನಿ ಬೇರೆಯವರಿಗೆ ಬರುತ್ತದೋ ಇಲ್ಲವೋ. ಎಲ್ಲ ನೆಪ. ನಿಜ ಏನೆಂದರೆ, ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಜನ ನನ್ನನ್ನು ಶೇಟ್ ಎನ್ನುತ್ತಿದ್ದರು. ಅದರಿಂದ ಎದ್ದು ರಸ್ತೆಗಿಳಿದರೆ ನಾನು ಓದಿಲ್ಲದ ಒಬ್ಬ ದಪ್ಪ ಮನುಷ್ಯ. ಬೇರೆಯವರಿಗೆ ಡಿಗ್ರಿ ಇದ್ದ ಹಾಗೆ ನನಗೆ ಆ ಕುರ್ಚಿ. ಅದನ್ನು ತಂಗಿಯ ಮೊಣಕಾಲಿಗೆ ಕೊಡುವುದಕ್ಕೂ ನನಗೆ ಮನಸ್ಸು ಬರಲಿಲ್ಲ.

ಒಂದು ದಿನ ಬ್ಯಾಂಕಿನ ಸಾಹೇಬರ ಜೊತೆ ಬಂದ ಕನ್ನಡದವರೊಬ್ಬರಿಗೆ ನಾನು ಲ್ಯಾಟಿನ್ ಹೇಳುತ್ತಿದ್ದೆ. ಕೊಡುವುದೆಂದರೆ ಏನು, ಕಾಯುವವನ ಸಂಕಟ ಎಂಥದ್ದು ಎಂದು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಾಗ ಜಲಜ ಸೋಂಪಿನ ಡಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಹೊರಗೆ ಬಂದಳು. ಕಪ್ ತುಂಬಿಸಿದಳು. ನನ್ನ ಮಾತು ಮುಗಿಯುವವರೆಗೆ ನಿಂತಳು. ಆಮೇಲೆ ಅವರ ಕಡೆ ತಿರುಗಿ ಹೇಳಿದಳು:

"ನಮ್ಮ ಅಣ್ಣನಿಗೆ ಲ್ಯಾಟಿನ್ ಬಂತು. ಇನ್ನು ಕುರ್ಚಿಯಿಂದ ಏಳ್ಲಿಕ್ಕೆ ಯಾವ ಭಾಷೆ ಕಲೀಬೇಕೋ ಗೊತ್ತಿಲ್ಲ."

ಅವರು ನಕ್ಕರು. ರಾಘು ಟ್ರೇ ಅಡ್ಡ ಹಿಡಿದು ನಕ್ಕ. ನಾನೂ ನಕ್ಕೆ, ನಗದಿದ್ದರೆ ಏಳಬೇಕಾಗುತ್ತಿತ್ತು. ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಆ ವಾರವೇ ಅಕ್ಷತಾ ಅಮ್ಮನಿಗೆ ಮೊಣಕಾಲಿನ ಪಟ್ಟಿ ಕೊಡಲು ಹೋಟೆಲಿಗೆ ಬಂದಿದ್ದಳು. ನಿನ್ನ ಕಪ್‌ನ ಮಾತಿಗೆ ಅರ್ಥ ಗೊತ್ತಾ ಎಂದು ಕೇಳಿದೆ. "ಅಸೆಂಬ್ಲಿಯಲ್ಲಿ ರೋಜ್ ಹೇಳ್ತಿದ್ದೆವು ಮಾಮಾ, ಅರ್ಥ ಯಾರಿಗೆ ಗೊತ್ತು" ಎಂದಳು. ನಾನು ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ಗಲ್ಲಾದ ಮೇಲಿದ್ದ ಪೆನ್ನು ತೆಗೆದುಕೊಂಡು ನನ್ನ ಕೈಗಿಟ್ಟಳು.

"ರಿಲೇಯಲ್ಲಿ ಹೀಗೆ ಮಾಮಾ. ಮುಂದೆ ಇರೋರು ಪೀಛೆ ನೋಡಬಾರದು. ಓಡ್ತಾ ಕೈ ಮಾತ್ರ ಹಿಂದೆ ಚಾಚೋದು. ಸ್ಟಿಕ್ ಬಂದೇ ಬರುತ್ತೆ ಅಂತ ಭರೋಸಾ ಇರಬೇಕು. ಕೊಡೋರು ಲೇಟ್ ಮಾಡಿದ್ರೆ ಕೈ ಖಾಲಿ. ಬಸ್, ಖತಮ್."

ಅವಳು ಹೋದ ಮೇಲೆ ಆ ಪೆನ್ನು ಹಿಡಿದುಕೊಂಡೇ ಕೂತಿದ್ದೆ. ನಾನು ಜೀವನವಿಡೀ ಹಿಂದೆ ನೋಡದೆ ಕೈ ಚಾಚಿದವನು. ಒಮ್ಮೆಯೂ ಕೈ ಖಾಲಿ ಉಳಿದಿಲ್ಲ. ಚಪ್ಪಲಿ ಬಂತು, ಚೌತಿಯ ದಿನ ಅಡುಗೆ ಬಂತು, ನನಗೆ ಟೈಫಾಯಿಡ್ ಆದಾಗ ಎರಡು ಹೊತ್ತು ಗಂಜಿ ಬಂತು. ಹಿಂದೆ ಓಡುತ್ತಿದ್ದವಳು ಯಾರೆಂದು ತಿರುಗಿ ನೋಡುವ ಅಗತ್ಯವೇ ಬರಲಿಲ್ಲ. ಅದು ನನ್ನ ಭಾಗ್ಯ. ಅವಳು ಕೈ ಚಾಚಿದ್ದು ಒಂದು ಕುರ್ಚಿಗೆ.

ಇಷ್ಟು ಗೊತ್ತಾದ ಮೇಲೆ ತಕ್ಷಣ ಎದ್ದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಏಳಲಿಲ್ಲ. ನಾಳೆ ಹೇಳುವ ಎಂದುಕೊಂಡೆ.

ಅದೇ ಸಂಜೆ ಜಲಜ ಮೊಣಕಾಲಿನ ಪಟ್ಟಿಯನ್ನು ಅಡುಗೆಮನೆಯಲ್ಲೇ ಮರೆತು ಹೊರಟುಹೋದಳು. ರಾಘುವಿನ ಕೈಯಲ್ಲಿ ಕಳಿಸಬಹುದಿತ್ತು, ಅವನು ಏಳನೇ ಟೇಬಲಿನವರ ಜೊತೆ ಜಗಳದಲ್ಲಿದ್ದ. ನಾನೇ ಹೊರಟೆ. ನನ್ನ ಮನೆ ಹೋಟೆಲಿನ ಮೇಲೆಯೇ ಇರುವುದರಿಂದ ಸಂಜೆಯ ಗದ್ದಲದಲ್ಲಿ ಸ್ಟೇಷನ್ನಿಗೆ ಹೋಗದೆ ಕಾಲವಾಗಿತ್ತು. ಸೇತುವೆ ಹತ್ತಿ ಆ ಕಡೆ ನೋಡಿದರೆ, ಪ್ಲಾಟ್‌ಫಾರ್ಮಿಗೆ ಇಳಿಯುವ ಮೆಟ್ಟಿಲಲ್ಲಿ ಜಲಜ. ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಾಳೆ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲು ಇಳಿಸಿ, ಇನ್ನೊಂದನ್ನು ಎಳೆದು ಅದರ ಪಕ್ಕಕ್ಕೆ ತಂದು, ನಿಂತು, ಉಸಿರು ತೆಗೆದುಕೊಂಡು, ಮತ್ತೆ. ಕೆಲಸ ಬಿಟ್ಟವರ ಗುಂಪು ಅವಳ ಒಂದು ಪಕ್ಕದಿಂದ ಸುರಿಯುತ್ತಿತ್ತು.

"ಆಜಿ, ಬಾಜೂಲಾ ವ್ಹಾ!" ಎಂದು ಒಬ್ಬ ಹುಡುಗ ಕೂಗಿಕೊಂಡು ಹಾರಿ ಹೋದ.

ಪಕ್ಕಕ್ಕೆ ಸರಿಯಬೇಕಂತೆ. ಆಜಿ ಎಂದರೆ ಅಜ್ಜಿ. ನನಗಿಂತ ಚಿಕ್ಕವಳು. ನನ್ನನ್ನು ಇನ್ನೂ ಯಾರೂ ಅಜ್ಜ ಎಂದಿಲ್ಲ. ಗಾಡಿ ಬಂತು. ಅವಳು ಇನ್ನೂ ಮೆಟ್ಟಿಲಲ್ಲೇ ಇದ್ದಳು. ಗಾಡಿ ಹೋಯಿತು. ಹುಟ್ಟಲಿಕ್ಕೇ ಕಾಯದವಳು, ನೀರಿಗೆ ಹಾರಿದವಳು, ಈಗ ಸ್ಲೋ ಲೋಕಲನ್ನೂ ಹಿಡಿಯಲಾರದೆ ಕಂಬಿ ಹಿಡಿದು ನಿಂತಿದ್ದಳು. ಅವಳಿಗೆ ಇದ್ದ ವೇಗವೆಲ್ಲ ಎಲ್ಲಿ ಖರ್ಚಾಯಿತು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ನಾನು ಇಳಿದು ಹೋಗಿ ಪಟ್ಟಿ ಕೊಟ್ಟೆ. "ಅಯ್ಯೋ, ಇದಕ್ಕೆ ನೀನು ಓಡಿ ಬಂದದ್ದಾ ಅಣ್ಣ?" ಎಂದಳು. ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಅವಳು ಬರುವ ಮೊದಲೇ ನಾನು ಕುರ್ಚಿಯಿಂದ ಎದ್ದು ಪಕ್ಕದಲ್ಲಿ ನಿಂತಿದ್ದೆ. ದಿಂಬನ್ನು ಬಡಿದು ನನ್ನ ಆಕಾರ ಹೋಗಲಾಡಿಸಲು ನೋಡಿದ್ದೆ, ಪೂರ್ತಿ ಹೋಗಲಿಲ್ಲ.

"ಜಲಜಾ, ಇನ್ನು ನೀನು ಇಲ್ಲಿ ಕೂತ್ಕೊ."

ಅವಳು ನನ್ನ ಮುಖ ನೋಡಿದಳು. "ಎಂತ, ಹುಷಾರಿಲ್ವಾ ನಿನಗೆ?"

"ಹುಷಾರಿದ್ದೇನೆ."

"ಎಷ್ಟು ದಿವಸಕ್ಕೆ?"

"ದಿವಸಕ್ಕೆ ಅಲ್ಲ. ಇದು ನಿನ್ನದೇ."

ಅವಳು ಚಪ್ಪಲಿ ಬಿಟ್ಟು, ಚೀಲ ಮೊಳೆಗೆ ಹಾಕಿ, ನನ್ನನ್ನು ದಾಟಿ ಒಳಗೆ ಹೋಗುತ್ತಾ ಹೇಳಿದಳು:

"ನೋಡುವ."

ಆ ಮಾತು ಕೇಳುವವನಿಗೆ ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎದ್ದವನು ಮತ್ತೆ ಕೂರುವ ಹಾಗಿಲ್ಲ. ಖಾಲಿ ಕುರ್ಚಿಯ ಪಕ್ಕ ನಿಂತೇ ಬಿಲ್ಲು ತೆಗೆದುಕೊಂಡೆ, ನಿಂತೇ ಚಿಲ್ಲರೆ ಕೊಟ್ಟೆ. ಗಿರಾಕಿಗಳು ಕುರ್ಚಿಯನ್ನೂ ನನ್ನನ್ನೂ ನೋಡಿದರು. "ಕುರ್ಚಿ ಮುರೀತಾ ಶೇಟ್?" ಎಂದು ಕೇಳಿದರು. ತಿಂಡಿಯ ಗಲಾಟೆ ಇಳಿಯುವ ಹೊತ್ತಿಗೆ ನನ್ನ ಮೀನಖಂಡ ಹಿಂಡಿದ ಬಟ್ಟೆಯ ಹಾಗಾಗಿತ್ತು. ಇದು ಒಂದು ಬೆಳಿಗ್ಗೆ. ಅವಳದು ಇಷ್ಟು ವರ್ಷ. ಡಾಕ್ಟರು ಹೇಳಿದ್ದಾರೆ, ಸವೆದ ಮೊಣಕಾಲು ಹಿಂದಿನ ಹಾಗೆ ಆಗುವುದಿಲ್ಲ, ಇನ್ನು ಮುಂದೆ ಹೆಚ್ಚು ಸವೆಯದಂತೆ ನೋಡಿಕೊಳ್ಳಬಹುದು ಅಷ್ಟೆ. ಸೆಲಿನ್ ಟೀಚರ್ ಹೇಳಿದ ಲೆಕ್ಕವೇ ಸರಿ. ನಾನು ಕೊಟ್ಟ ಕುರ್ಚಿಯಲ್ಲಿ ಅರ್ಧ ಅವಳು ಕಾದದ್ದಕ್ಕೇ ಹೋಯಿತು. ಉಳಿದರ್ಧವನ್ನಾದರೂ ಅವಳು ತೆಗೆದುಕೊಳ್ಳಲಿ ಎಂದು ನಿಂತಿದ್ದೆ.

ಸಾಂಬಾರು ಇಳಿಸಿದ ಮೇಲೆ ಜಲಜ ಸೆರಗಿನಲ್ಲಿ ಕೈ ಒರೆಸುತ್ತಾ ಹೊರಗೆ ಬಂದಳು. ನಾನು ಇನ್ನೂ ನಿಂತೇ ಇರುವುದನ್ನು ನೋಡಿದಳು. ಕುರ್ಚಿಯ ತುದಿಯಲ್ಲಿ, ಗುರುತಿಲ್ಲದವರ ಮನೆಗೆ ಹೋದಾಗ ಕೂರುವ ಹಾಗೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ಒರಗಿದಳು. ಕಾಲು ಉದ್ದ ಚಾಚಿದಳು. ಒಂದು ಉಸಿರು ಬಿಟ್ಟಳು. ಅಷ್ಟು ದೊಡ್ಡ ಉಸಿರು ಅವಳೊಳಗೆ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಅವಳು ಕೂತಳೆಂದರೆ ಒಳಗೆ ಯಾರಾದರೂ ಬೇಕಲ್ಲ. ಹೊಸ ಅಡುಗೆಯವರು ಸಿಗುವವರೆಗೆ ಎಂದು ನಾನೇ ಹೋದೆ. ಹೋದವನೇ ಸಾಸಿವೆ ಕರಕಲು ಮಾಡಿದೆ. ಗಲ್ಲಾದವರೆಗೂ ಹೊಗೆ ಹೋಯಿತಂತೆ. ಸೆಲಿನ್ ಟೀಚರ್ ಕೆಮ್ಮುತ್ತಾ ಹೋಟೆಲಿಗೆ ಬಂದವರು ಕುರ್ಚಿಯಲ್ಲಿ ಜಲಜಳನ್ನು ಕಂಡು ನಿಂತರು. "ಓ, ಅರ್ಥ ಆಯ್ತಾ ಕಡೆಗೆ ಅವರಿಗೆ?" ಎಂದು ಕೇಳಿದ್ದು ನನಗೆ ಕಿಟಕಿಯಿಂದ ಕೇಳಿಸಿತು. "ಎಂತ ಅರ್ಥವೋ, ಅಡುಗೆಮನೆಗೆ ಬೆಂಕಿ ಹಾಕ್ತಾ ಇದ್ದಾನೆ" ಎಂದಳು ಜಲಜ. ಆಮೇಲೆ ಕುರ್ಚಿಯಿಂದಲೇ ಕೂಗಿದಳು:

"ಅಣ್ಣಾ, ಟೀಚರಿಗೆ ಒಂದು ಕಾಫಿ!"

ಹಾಲು ಆಗತಾನೇ ಒಲೆಗಿಟ್ಟಿದ್ದೆ. ಅಪ್ಪನ ಆ ಮಾತು ಬಾಯಿಯವರೆಗೆ ಬಂದಿತ್ತು, ನುಂಗಿದೆ. ಉರಿ ಹೆಚ್ಚಿಸಿ, ಡಿಕಾಕ್ಷನ್ ಹಾಕಿ, ಎತ್ತರದಿಂದ ಎರೆದು ನೊರೆ ಬರಿಸಿ, ಕೈಗೆ ಒಂದಿಷ್ಟು ಚೆಲ್ಲಿಕೊಂಡು, ರಾಘುವನ್ನು ದಾಟಿ ನಾನೇ ತೆಗೆದುಕೊಂಡು ಹೋದೆ. ಒಂದು ಲೋಟ ಟೀಚರ್ ಮುಂದೆ ಇಟ್ಟೆ. ಇನ್ನೊಂದನ್ನು ಗಲ್ಲಾದ ಮೇಲೆ, ಕಪ್‌ನ ಪಕ್ಕ.

"ನಾನು ಒಂದೇ ಅಲ್ವಾ ಹೇಳಿದ್ದು?" ಎಂದಳು ಜಲಜ.

"ಹೌದು."

ಅವಳು ಲೋಟವನ್ನು ನೋಡಿದಳು. ಎತ್ತಿಕೊಂಡು ಒಂದು ಗುಟುಕು ಕುಡಿದಳು. ಇಷ್ಟು ವರ್ಷದಲ್ಲಿ ಈ ಹೋಟೆಲಿನಲ್ಲಿ ಅವಳು ಕೂತು ಕುಡಿದ ಮೊದಲ ಕಾಫಿ.

"ಸಕ್ಕರೆ ಕಮ್ಮಿ" ಎಂದಳು.

ನಾನು ಸಕ್ಕರೆ ತರಲು ಓಡಿದೆ.